ಮೊದಲ ಗೇಮಿಂಗ್ ಕಂಪ್ಯೂಟರ್‌ಗೆ ಪವರ್ ಸಪ್ಲೈ ಆರಿಸುವ ಬಗೆ

ಗೋಡೆಯ ವಿದ್ಯುತ್ತನ್ನು ಕಂಪ್ಯೂಟರ್‌ನ ಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಸಾಧನವೇ ಪವರ್ ಸಪ್ಲೈ. ಪೆಟ್ಟಿಗೆಯ ಮೇಲೆ ದಪ್ಪ ಅಂಕಿಗಳಲ್ಲಿ ಮುದ್ರಿಸಿದ ವ್ಯಾಟ್ ಸಂಖ್ಯೆಯನ್ನಷ್ಟೇ ನೋಡಿ ಅದನ್ನು ಕೊಳ್ಳುವವರೇ ಹೆಚ್ಚು. ಆ ಸಂಖ್ಯೆ ಜಾಹೀರಾತಿನ ಭಾಗ. ನಂಬಬೇಕಾದ ಮಾಹಿತಿ ಇರುವುದು ಪವರ್ ಸಪ್ಲೈನ ಪಕ್ಕಕ್ಕೆ ಅಂಟಿಸಿದ ಲೇಬಲ್‌ನಲ್ಲಿ. ಬಿಡಿಭಾಗಗಳನ್ನು ತಂದು ಮೊದಲ ಬಾರಿಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರು ಈ ಲೇಬಲ್ ಓದಲು ಕಲಿತರೆ, ಕಳಪೆ ಸರಕಿನ ಬಹುಪಾಲನ್ನು ಅಲ್ಲಿಯೇ ಜರಡಿ ಹಿಡಿಯಬಹುದು. ಹೊಸಬರು ಸಾಮಾನ್ಯವಾಗಿ ಎಡವುವುದು ಕಡಿಮೆ ವ್ಯಾಟ್‌ನದ್ದನ್ನು ಕೊಂಡು ಅಲ್ಲ, ಅಗತ್ಯಕ್ಕಿಂತ ಹೆಚ್ಚು ವ್ಯಾಟ್ ಬರೆದಿರುವ ಕಡಿಮೆ ಗುಣಮಟ್ಟದ್ದನ್ನು ಕೊಂಡು ಎಂಬುದು ನನ್ನ ಅಭಿಪ್ರಾಯ. ಗಟ್ಟಿಯಾದ 650 ವ್ಯಾಟ್‌ನ ಪವರ್ ಸಪ್ಲೈ ಇರುವ ಬೆಲೆಯಲ್ಲೇ 1000 ವ್ಯಾಟ್ ಎಂದು ಹೇಳಿಕೊಳ್ಳುವ ಇನ್ನೊಂದು ಸಿಕ್ಕರೆ, ಅಂಥ ಕಡೆ ಸಂತೋಷಪಡುವ ಬದಲು ಅನುಮಾನಪಡಬೇಕು.

ಲೇಬಲ್ ಓದುವುದು

ಲೇಬಲ್‌ನಲ್ಲಿ ಒಂದು ಸಣ್ಣ ಕೋಷ್ಟಕವಿರುತ್ತದೆ. ಮೇಲಿನ ಸಾಲಿನಲ್ಲಿ ಗೋಡೆಯಿಂದ ಬರುವ ಎಸಿ ವಿದ್ಯುತ್ತಿನ ವಿವರ: ಇಂದಿನ ಒಳ್ಳೆಯ ಪವರ್ ಸಪ್ಲೈಗಳಲ್ಲಿ ಅಲ್ಲಿ 100–240 ವೋಲ್ಟ್, 50–60 ಹರ್ಟ್ಸ್ ಎಂದಿರುತ್ತದೆ. ಹಿಂಬದಿಯಲ್ಲಿ 115 ಮತ್ತು 230ರ ನಡುವೆ ಕೈಯಿಂದ ಬದಲಿಸುವ ಕೆಂಪು ಸ್ವಿಚ್ ಇದ್ದರೆ ಅದು ಹಳೆಯ ವಿನ್ಯಾಸದ್ದೆಂದು ತಿಳಿದು ಅಲ್ಲಿಗೇ ಬಿಟ್ಟುಬಿಡಬಹುದು. ಅದರ ಕೆಳಗೆ ಪವರ್ ಸಪ್ಲೈ ಹೊರಗೆ ಕೊಡುವ ಡಿಸಿ ವಿದ್ಯುತ್ತಿನ ಕಾಲಂಗಳು: +3.3, +5, +12, −12 ಹಾಗೂ ಕಂಪ್ಯೂಟರ್ ಆಫ್ ಆಗಿರುವಾಗಲೂ ಜೀವಂತವಾಗಿರುವ +5 ವೋಲ್ಟ್ ಸ್ಟ್ಯಾಂಡ್‌ಬೈ. ಪ್ರತಿಯೊಂದರ ಕೆಳಗೆ ಅದು ಗರಿಷ್ಠ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಂಕಿ ಇರುತ್ತದೆ.

ನಿಮ್ಮ ಕಣ್ಣು ನೇರವಾಗಿ ಹೋಗಬೇಕಾದದ್ದು +12 ವೋಲ್ಟ್‌ನ ಕಾಲಂಗೆ. ಒಂದು ಕಾಲದಲ್ಲಿ ಪ್ರೊಸೆಸರ್‌ಗಳು 5 ಹಾಗೂ 3.3 ವೋಲ್ಟ್‌ನ ಸಾಲುಗಳಿಂದ, ಅಂದರೆ ಆ ವೋಲ್ಟೇಜ್ ಹೊರುವ ತಂತಿಗಳಿಂದ, ವಿದ್ಯುತ್ ಪಡೆಯುತ್ತಿದ್ದವು. 2000ನೇ ಇಸವಿಯಲ್ಲಿ, ಪೆಂಟಿಯಮ್ 4 ಬರುವ ಹೊತ್ತಿಗೆ, ಪ್ರೊಸೆಸರ್‌ಗಾಗಿಯೇ ಪ್ರತ್ಯೇಕ 12 ವೋಲ್ಟ್ ಕನೆಕ್ಟರ್ ಸೇರಿತು. ಅಲ್ಲಿಂದೀಚೆಗೆ ಭಾರವೆಲ್ಲ 12 ವೋಲ್ಟ್‌ನ ಕಡೆಗೆ ಸರಿದಿದೆ. ಇಂದಿನ ಗೇಮಿಂಗ್ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಹಾಗೂ ಫ್ಯಾನುಗಳು ಆ ಸಾಲಿನಿಂದಲೇ ನಡೆಯುತ್ತವೆ.

650 ವ್ಯಾಟ್‌ನ ಒಂದು ಒಳ್ಳೆಯ ಪವರ್ ಸಪ್ಲೈನ ಲೇಬಲ್‌ನಲ್ಲಿ +12 ವೋಲ್ಟ್‌ನ ಕೆಳಗೆ 54 ಆಂಪಿಯರ್ ಎಂದಿರುತ್ತದೆ. 12ನ್ನು 54ರಿಂದ ಗುಣಿಸಿದರೆ 648 ವ್ಯಾಟ್. ಅಂದರೆ ಹೇಳಿಕೊಂಡ ಶಕ್ತಿ ಹೆಚ್ಚುಕಡಿಮೆ ಪೂರ್ತಿಯಾಗಿ ಬೇಕಾದ ಸಾಲಿನಲ್ಲೇ ಸಿಗುತ್ತದೆ. ಈಗ 500 ವ್ಯಾಟ್ ಎಂದು ಬರೆದಿರುವ ಅಗ್ಗದ ಪವರ್ ಸಪ್ಲೈ ಒಂದನ್ನು ಕೈಗೆತ್ತಿಕೊಳ್ಳಿ. ಅದರ +12 ವೋಲ್ಟ್‌ನ ಕೆಳಗೆ 28 ಆಂಪಿಯರ್ ಎಂದಿದ್ದರೆ ನಿಮಗೆ ನಿಜವಾಗಿ ದೊರೆಯುವುದು 336 ವ್ಯಾಟ್ ಮಾತ್ರ. ಉಳಿದದ್ದು ಗೇಮಿಂಗ್ ಕಂಪ್ಯೂಟರ್ ಹೆಚ್ಚು ಬಳಸದ 3.3 ಮತ್ತು 5 ವೋಲ್ಟ್‌ಗಳ ಲೆಕ್ಕದಲ್ಲಿ ಸೇರಿಕೊಂಡಿರುತ್ತದೆ. ಕೆಲವು ಲೇಬಲ್‌ಗಳಲ್ಲಿ 12 ವೋಲ್ಟ್‌ಗೆ ಎರಡು ಅಥವಾ ಮೂರು ಕಾಲಂಗಳಿರುತ್ತವೆ. ಅವುಗಳ ಆಂಪಿಯರ್‌ಗಳನ್ನು ಕೂಡಿಸಿ ಹಿಗ್ಗಬಾರದು, ಕೆಳಗೆ ಎಲ್ಲಕ್ಕೂ ಸೇರಿಸಿ ಕೊಟ್ಟಿರುವ ವ್ಯಾಟ್ ಮಿತಿಯನ್ನೇ ನೋಡಬೇಕು. 12 ವೋಲ್ಟ್‌ನ ಪಾಲು ಒಟ್ಟು ವ್ಯಾಟ್‌ನ ಸಮೀಪಕ್ಕೂ ಬಾರದಿದ್ದರೆ, ಅಥವಾ ಲೇಬಲ್‌ನಲ್ಲಿ ಈ ವಿವರವೇ ಇಲ್ಲದಿದ್ದರೆ, ಆ ಸರಕನ್ನು ಮುಂದಿನ ಪರೀಕ್ಷೆಗೆ ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ಅಂತರಜಾಲದಲ್ಲಿ ಕೊಳ್ಳುವವರು ಉತ್ಪನ್ನದ ಚಿತ್ರಗಳಲ್ಲಿ ಲೇಬಲ್‌ನ ಚಿತ್ರವನ್ನು ಹುಡುಕಬೇಕು.

ನಿಮಗೆ ಎಷ್ಟು ಬೇಕು

ಲೆಕ್ಕ ಶುರುವಾಗುವುದು ಗ್ರಾಫಿಕ್ಸ್ ಕಾರ್ಡ್‌ನಿಂದ, ಏಕೆಂದರೆ ಗೇಮಿಂಗ್ ಕಂಪ್ಯೂಟರ್‌ನಲ್ಲಿ ಅತಿ ಹೆಚ್ಚು ವಿದ್ಯುತ್ ಎಳೆಯುವ ಭಾಗ ಅದೇ. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಕಾರ್ಡ್‌ಗೆ ತಯಾರಕರು ಹೇಳುವ ಮಿತಿ 145 ವ್ಯಾಟ್. 5070ಕ್ಕೆ 250, 5080ಕ್ಕೆ 360, 5090ಕ್ಕೆ 575. ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿಗೆ 304. ಕಾರ್ಖಾನೆಯಲ್ಲೇ ವೇಗ ಹೆಚ್ಚಿಸಿ ಮಾರುವ ಮಾದರಿಗಳು ಇದಕ್ಕಿಂತ ತುಸು ಹೆಚ್ಚು ಕೇಳುತ್ತವೆ, ಆದುದರಿಂದ ಚಿಪ್‌ನ ಹೆಸರಿನಿಂದ ಊಹಿಸದೆ ನೀವು ಕೊಳ್ಳಲಿರುವ ಅದೇ ಕಾರ್ಡ್‌ನ ವಿವರಪಟ್ಟಿಯನ್ನು ನೋಡುವುದು ಕ್ಷೇಮ.

ಪ್ರೊಸೆಸರ್‌ನ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿ ದಾರಿ ತಪ್ಪಿಸುತ್ತದೆ. ರೈಝನ್ 5 7600ರ ಮೇಲೆ 65 ವ್ಯಾಟ್ ಎಂದಿದ್ದರೂ ಸಾಕೆಟ್‌ನಿಂದ ಅದು 88 ವ್ಯಾಟ್‌ವರೆಗೆ ಎಳೆಯಬಹುದು. ಇಂಟೆಲ್‌ನ ಕೋರ್ ಐ9 14900ಕೆಗೆ ಮೂಲ ಅಂಕಿ 125 ವ್ಯಾಟ್, ವೇಗ ಹೆಚ್ಚಿಸಿಕೊಳ್ಳುವ ಟರ್ಬೊ ಸ್ಥಿತಿಯ ಮಿತಿ 253 ವ್ಯಾಟ್. ಲೆಕ್ಕಕ್ಕೆ ಯಾವಾಗಲೂ ಈ ಎರಡನೆಯ, ದೊಡ್ಡ ಅಂಕಿಯನ್ನೇ ಹಿಡಿಯಬೇಕು. ಆಟವಾಡುವಾಗ ಪ್ರೊಸೆಸರ್ ಸಾಮಾನ್ಯವಾಗಿ ಆ ಮಿತಿ ಮುಟ್ಟುವುದಿಲ್ಲ ಎಂಬುದು ನಿಜ, ಆದರೂ ಆ ಅಂತರ ನಿಮ್ಮ ಉಳಿತಾಯದ ಖಾತೆಯಲ್ಲಿ ಇರಲಿ.

ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನುಗಳು, ಬಣ್ಣದ ದೀಪಗಳು, ಯುಎಸ್‌ಬಿಗೆ ಚುಚ್ಚಿದ ಸಾಧನಗಳು, ಇವನ್ನು ಒಂದೊಂದಾಗಿ ಎಣಿಸುತ್ತ ಕೂರುವುದು ವ್ಯರ್ಥ. ಎಲ್ಲಕ್ಕೂ ಸೇರಿಸಿ 60ರಿಂದ 80 ವ್ಯಾಟ್ ಹಿಡಿದರೆ ಸಾಮಾನ್ಯ ಜೋಡಣೆಗೆ ಸಾಕು.

ಆರ್‌ಟಿಎಕ್ಸ್ 5070 ಮತ್ತು ರೈಝನ್ 5 7600 ಇರುವ ಜೋಡಣೆಯನ್ನೇ ತೆಗೆದುಕೊಳ್ಳೋಣ. 250, 88 ಮತ್ತು 70 ಕೂಡಿದರೆ 408 ವ್ಯಾಟ್. ಇದು ಎಲ್ಲ ಭಾಗಗಳೂ ಏಕಕಾಲಕ್ಕೆ ತಮ್ಮ ಮಿತಿ ಮುಟ್ಟಿದಾಗಿನ ಲೆಕ್ಕ. ಇದರ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿ ನಿಂತರೆ 600 ಚಿಲ್ಲರೆ ಬರುತ್ತದೆ, ಆದ್ದರಿಂದ 650 ವ್ಯಾಟ್‌ನ ಒಳ್ಳೆಯ ಪವರ್ ಸಪ್ಲೈ ಈ ಜೋಡಣೆಗೆ ತಕ್ಕದ್ದು. ಈ ಕಾರ್ಡ್‌ಗೆ ಎನ್ವಿಡಿಯಾ ಶಿಫಾರಸು ಮಾಡುವುದೂ 650 ವ್ಯಾಟ್‌ಗಳನ್ನೇ. ಮುಂದೆ ಕಾರ್ಡ್ ಬದಲಿಸುವ ಯೋಚನೆ ಗಟ್ಟಿಯಾಗಿದ್ದರೆ 750ಕ್ಕೆ ಹೋಗಬಹುದು. 5060ರಂಥ ಕಾರ್ಡ್ ಮತ್ತು ಮಧ್ಯಮ ದರ್ಜೆಯ ಪ್ರೊಸೆಸರ್‌ಗೆ 550 ಸಾಲುತ್ತದೆ. 5080ಗೆ 850, 5090ಗೆ 1000 ವ್ಯಾಟ್ ಎಂಬುದು ತಯಾರಕರದೇ ಸಲಹೆ. ಈ ಶಿಫಾರಸುಗಳಲ್ಲಿ ಉದಾರವಾದ ಅಂತರ ಇಟ್ಟಿರುವುದಕ್ಕೆ ಒಂದು ಕಾರಣ, ಕೊಳ್ಳುವವನ ಪವರ್ ಸಪ್ಲೈ ಎಷ್ಟು ಕಳಪೆಯೋ ಕಾರ್ಡ್ ತಯಾರಿಸುವವರಿಗೆ ಗೊತ್ತಿರುವುದಿಲ್ಲ ಎಂಬುದು.

ಅಗತ್ಯಕ್ಕಿಂತ ದೊಡ್ಡ ಪವರ್ ಸಪ್ಲೈ ಹಾಕಿದರೆ ಕರೆಂಟ್ ಬಿಲ್ ಏರುತ್ತದೆ ಎಂಬ ಭಯ ಹಲವರಲ್ಲಿದೆ. ಅದು ತಪ್ಪು ತಿಳಿವಳಿಕೆ. 1000 ವ್ಯಾಟ್‌ನದ್ದನ್ನು ಹಾಕಿದರೂ ಕಂಪ್ಯೂಟರ್ 400 ವ್ಯಾಟ್ ಕೇಳಿದಾಗ ಅದು ಕೊಡುವುದು 400 ಮಾತ್ರ. ಹೆಚ್ಚಿನ ವ್ಯಾಟ್ ಹಾನಿ ಮಾಡುವುದಿಲ್ಲ; ಅದಕ್ಕೆಂದು ಗುಣಮಟ್ಟದ ಮೇಲಿನ ಹಣವನ್ನು ಕಡಿತಗೊಳಿಸುವುದು ಹಾನಿ ಮಾಡುತ್ತದೆ.

ಕ್ಷಣಾರ್ಧದ ಜಿಗಿತಗಳು

ಮೇಲಿನ ಲೆಕ್ಕ ಸರಾಸರಿಯದು. ಗ್ರಾಫಿಕ್ಸ್ ಕಾರ್ಡ್ ಮಾತ್ರ ಸರಾಸರಿಯಲ್ಲಿ ಬದುಕುವುದಿಲ್ಲ. ಖಾಲಿ ಗೋಡೆಯನ್ನು ನೋಡುತ್ತಿದ್ದ ಆಟಗಾರ ತಟ್ಟನೆ ತಿರುಗಿ ಸ್ಫೋಟವೊಂದನ್ನು ನೋಡಿದರೆ, ಕಾರ್ಡ್‌ನ ಮೇಲಿನ ಕೆಲಸ ಒಮ್ಮೆಲೇ ಏರಿ, ಮೈಕ್ರೊಸೆಕೆಂಡುಗಳ ಮಟ್ಟಿಗೆ ಅದು ತನ್ನ ಘೋಷಿತ ಮಿತಿಯ ಎರಡು ಪಟ್ಟು ಅಥವಾ ಅದಕ್ಕಿಂತಲೂ ಹೆಚ್ಚು ವಿದ್ಯುತ್ ಸೆಳೆಯಬಹುದು. ಗೋಡೆಯ ಸಾಕೆಟ್‌ಗೆ ಹಾಕುವ ವ್ಯಾಟ್ ಮೀಟರ್ ಇಷ್ಟು ಚಿಕ್ಕ ಅವಧಿಯನ್ನು ಹಿಡಿಯಲಾರದು, ಆದರೆ ಪವರ್ ಸಪ್ಲೈನ ಒಳಗಿನ ರಕ್ಷಣಾ ಸರ್ಕ್ಯೂಟ್ ಹಿಡಿಯುತ್ತದೆ ಮತ್ತು ಅದನ್ನು ಅಪಾಯವೆಂದು ಬಗೆದು ಎಲ್ಲವನ್ನೂ ಆಫ್ ಮಾಡುತ್ತದೆ.

ಇದರ ಲಕ್ಷಣವನ್ನು ಗುರುತಿಸುವುದು ಕಷ್ಟವಲ್ಲ. ಆಟ ನಡೆಯುತ್ತಿರುವಾಗಲೇ ಪರದೆ ಕಪ್ಪಾಗುತ್ತದೆ, ಫ್ಯಾನುಗಳು ನಿಲ್ಲುತ್ತವೆ, ನೀಲಿ ಪರದೆಯಾಗಲಿ ದೋಷದ ಸಂದೇಶವಾಗಲಿ ಇರುವುದಿಲ್ಲ. ಕೆಲವೊಮ್ಮೆ ತಾನಾಗಿ ಮತ್ತೆ ಶುರುವಾಗುತ್ತದೆ, ಕೆಲವೊಮ್ಮೆ ಹಿಂಬದಿಯ ಸ್ವಿಚ್ ಆಫ್ ಮಾಡಿ ಆನ್ ಮಾಡುವವರೆಗೆ ಗುಂಡಿ ಒತ್ತಿದರೂ ಮಿಸುಕುವುದಿಲ್ಲ. 2020ರಲ್ಲಿ ಬಂದ ಆರ್‌ಟಿಎಕ್ಸ್ 3080 ಮತ್ತು 3090 ಕಾರ್ಡ್‌ಗಳ ಕಾಲದಲ್ಲಿ, ಲೆಕ್ಕದ ಪ್ರಕಾರ ಸಾಲಬೇಕಾಗಿದ್ದ ಒಳ್ಳೆಯ ಪವರ್ ಸಪ್ಲೈಗಳೂ ಹೀಗೆ ಕೈಕೊಟ್ಟವು.

ಇದಕ್ಕೆ ಉತ್ತರವಾಗಿ 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಎಂಬ ಪವರ್ ಸಪ್ಲೈ ತಯಾರಿಕೆಯ ಮಾನದಂಡವು, ಗ್ರಾಫಿಕ್ಸ್ ಕಾರ್ಡ್‌ನ ಹೊಸ ಕನೆಕ್ಟರ್ ಇರುವ ದೊಡ್ಡ ಪವರ್ ಸಪ್ಲೈ ತನ್ನ ಘೋಷಿತ ಶಕ್ತಿಯ ಎರಡು ಪಟ್ಟನ್ನು 100 ಮೈಕ್ರೊಸೆಕೆಂಡುಗಳ ಕಾಲ ತಾಳಿಕೊಳ್ಳಬೇಕೆಂದು ಹೇಳಿತು. ಮರುವರ್ಷ ಅದರ ಪರಿಷ್ಕೃತ ರೂಪವಾಗಿ ಎಟಿಎಕ್ಸ್ 3.1 ಬಂತು. ಹೊಸದಾಗಿ ಕೊಳ್ಳುವವರು ವಿವರಪಟ್ಟಿಯಲ್ಲಿ ಈ ಎರಡರಲ್ಲಿ ಒಂದನ್ನು ನೋಡಿ ಕೊಳ್ಳಬೇಕು. ಹಳೆಯ ಮಾನದಂಡದ ಒಳ್ಳೆಯ ಪವರ್ ಸಪ್ಲೈ ಕೈಯಲ್ಲಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಸಣ್ಣ ಕಾರ್ಡ್‌ಗಳಿಗೆ ಅದು ಧಾರಾಳವಾಗಿ ನಡೆಯುತ್ತದೆ.

ಕನೆಕ್ಟರ್‌ಗಳು

ಎಷ್ಟೇ ವ್ಯಾಟ್ ಇದ್ದರೂ ಬೇಕಾದ ಕನೆಕ್ಟರ್ ಇಲ್ಲದಿದ್ದರೆ ಪವರ್ ಸಪ್ಲೈ ನಿಷ್ಪ್ರಯೋಜಕ. ಮದರ್‌ಬೋರ್ಡ್‌ಗೆ 24 ಪಿನ್‌ನ ಅಗಲವಾದ ಕನೆಕ್ಟರ್, ಪ್ರೊಸೆಸರ್‌ಗೆ 4+4 ಪಿನ್‌ನ ಕನೆಕ್ಟರ್, ಎಸ್‌ಎಸ್‌ಡಿ ಅಥವಾ ಹಾರ್ಡ್‌ಡಿಸ್ಕ್‌ಗೆ ಸಾಟಾ, ಇವು ಎಲ್ಲದರಲ್ಲೂ ಇರುತ್ತವೆ. ದುಬಾರಿ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆಂದು ಎರಡು 8 ಪಿನ್‌ನ ಸಾಕೆಟ್ ಇರುತ್ತವೆ. ಸಾಮಾನ್ಯ ಬಳಕೆಗೆ ಒಂದನ್ನು ತುಂಬಿದರೂ ಕಂಪ್ಯೂಟರ್ ನಡೆಯುತ್ತದೆ.

ಗಮನ ಕೊಡಬೇಕಾದದ್ದು ಗ್ರಾಫಿಕ್ಸ್ ಕಾರ್ಡ್‌ನ ಕನೆಕ್ಟರ್‌ಗೆ. ಮದರ್‌ಬೋರ್ಡ್‌ನ ಸ್ಲಾಟ್ ತಾನೇ 75 ವ್ಯಾಟ್ ಕೊಡುತ್ತದೆ. 6 ಪಿನ್‌ನ ಕನೆಕ್ಟರ್ ಇನ್ನೊಂದು 75, 8 ಪಿನ್‌ನದು 150 ವ್ಯಾಟ್ ಕೊಡುವಂತೆ ನಿಗದಿಯಾಗಿದೆ. ಎರಡು 8 ಪಿನ್ ಕೇಳುವ ಕಾರ್ಡ್‌ಗೆ ಪವರ್ ಸಪ್ಲೈನಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಬೇಕು. ಒಂದೇ ಕೇಬಲ್‌ನ ತುದಿಯಲ್ಲಿ ಕವಲೊಡೆದ ಎರಡು ಕನೆಕ್ಟರ್ ಇರುತ್ತವಲ್ಲ, ಅವೆರಡನ್ನೂ ಹೆಚ್ಚು ವಿದ್ಯುತ್ ಎಳೆಯುವ ಕಾರ್ಡ್‌ಗೆ ಚುಚ್ಚಿದರೆ ಇಡೀ ಭಾರ ಒಂದೇ ಕೇಬಲ್‌ನ ತಂತಿಗಳ ಮೇಲೆ ಬೀಳುತ್ತದೆ. ಆದ್ದರಿಂದ ಎಷ್ಟು ಕನೆಕ್ಟರ್ ಇವೆ ಎಂಬುದಕ್ಕಿಂತ ಎಷ್ಟು ಪ್ರತ್ಯೇಕ ಕೇಬಲ್ ಇವೆ ಎಂಬುದನ್ನು ಎಣಿಸಿ.

ಪ್ರೊಸೆಸರ್‌ನ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ 8 ಪಿನ್ ನೋಡಲು ಒಂದೇ ಬಗೆ, ಆದರೆ ಅವುಗಳಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಸಾಲುಗಳು ಅದಲುಬದಲು. ಕನೆಕ್ಟರ್‌ನ ಆಕಾರವೇ ತಪ್ಪು ಜೋಡಣೆಯನ್ನು ತಡೆಯುತ್ತದೆ. ಸುಲಭವಾಗಿ ಕೂರದಿದ್ದರೆ ಬಲ ಹಾಕದೆ, ಕೇಬಲ್‌ನ ಮೇಲಿನ ಬರಹವನ್ನು ಓದಿ.

ಹೊಸ ತಲೆಮಾರಿನ ಹಲವು ಎನ್ವಿಡಿಯಾ ಕಾರ್ಡ್‌ಗಳಲ್ಲಿ 16 ಪಿನ್‌ನ ಪುಟ್ಟ ಕನೆಕ್ಟರ್ ಇರುತ್ತದೆ. ಹನ್ನೆರಡು ಪಿನ್‌ಗಳು ವಿದ್ಯುತ್ತಿಗೆ, ನಾಲ್ಕು ಸಣ್ಣವು ಸಂಕೇತಕ್ಕೆ. ಅದು 600 ವ್ಯಾಟ್‌ವರೆಗೆ ಸಾಗಿಸಬಲ್ಲದು. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳ ಈ ಕನೆಕ್ಟರ್ ಕರಗಿದ ಸುದ್ದಿಗಳು ಬಂದವು. ಪೂರ್ತಿ ಒಳಕ್ಕೆ ಕೂರದ ಕನೆಕ್ಟರ್‌ನಲ್ಲಿ ಪಿನ್‌ಗಳ ಸಂಪರ್ಕ ಸಡಿಲವಾಗಿ, ಅಲ್ಲಿ ಬಿಸಿ ಹೆಚ್ಚುತ್ತಿದ್ದುದು ಮುಖ್ಯ ಕಾರಣವೆಂದು ಕಂಡುಬಂತು. ಎಟಿಎಕ್ಸ್ 3.1ರ ಜೊತೆಗೆ ಬಂದ 12ವಿ-2×6 ಎಂಬ ಸುಧಾರಿತ ರೂಪದಲ್ಲಿ ಸಂಕೇತದ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ. ಕನೆಕ್ಟರ್ ಸರಿಯಾಗಿ ಕೂರದಿದ್ದರೆ ಸಂಕೇತ ಸಿಗದೆ ಕಾರ್ಡ್ ವಿದ್ಯುತ್ ಎಳೆಯುವುದಿಲ್ಲ. ಸಾಕೆಟ್‌ನ ಮೇಲಿರುವ ಎಚ್ ಅಕ್ಷರದ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಅದು ಸುಧಾರಿತ ರೂಪ, ಒಂದೇ ಇದ್ದರೆ ಹಳೆಯದು.

ಈ ಕನೆಕ್ಟರ್ ಬೇಕಿರುವ ಕಾರ್ಡ್ ಕೊಳ್ಳುವವರು ಅದೇ ಕೇಬಲ್ ಜೊತೆಗೆ ಬರುವ ಪವರ್ ಸಪ್ಲೈ ಆರಿಸಿದರೆ, ಕಾರ್ಡ್‌ನ ಪೆಟ್ಟಿಗೆಯಲ್ಲಿ ಸಿಗುವ ಅಡಾಪ್ಟರ್‌ನ ತೊಡಕು ತಪ್ಪುತ್ತದೆ. ಚುಚ್ಚುವಾಗ ಕ್ಲಿಪ್ ಕೂತ ಸದ್ದು ಕೇಳಿಸದಿರಬಹುದು, ಆದುದರಿಂದ ಟಾರ್ಚ್ ಬೆಳಕಿನಲ್ಲಿ ಬದಿಯಿಂದ ನೋಡಿ ಕನೆಕ್ಟರ್ ಮತ್ತು ಸಾಕೆಟ್ ನಡುವೆ ಸಂದು ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕನೆಕ್ಟರ್‌ನಿಂದ 35 ಮಿಲಿಮೀಟರ್‌ವರೆಗೆ ಕೇಬಲ್ ನೇರವಾಗಿಯೇ ಇರಬೇಕು, ಅದರಾಚೆ ಬಾಗಿಸಬಹುದು. ಕ್ಯಾಬಿನೆಟ್‌ನ ಗಾಜಿನ ಬಾಗಿಲು ಕೇಬಲ್ಲನ್ನು ಒತ್ತುವಷ್ಟು ಇಕ್ಕಟ್ಟಿದ್ದರೆ ಕ್ಯಾಬಿನೆಟ್ ಬದಲಿಸುವುದೇ ಸರಿ.

ಚಿನ್ನ, ಕಂಚು ಮತ್ತು ಅವುಗಳ ಮಿತಿ

80 ಪ್ಲಸ್ ಎಂಬ ಮುದ್ರೆಯನ್ನು ಗುಣಮಟ್ಟದ ಪದಕವೆಂದು ಭಾವಿಸುವವರಿದ್ದಾರೆ. 2004ರಲ್ಲಿ ಶುರುವಾದ ಈ ಯೋಜನೆ ಅಳೆಯುವುದು ಮುಖ್ಯವಾಗಿ ದಕ್ಷತೆಯನ್ನು, ಅಂದರೆ ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ತಲುಪುತ್ತದೆ ಎಂಬುದನ್ನು. 115 ವೋಲ್ಟ್‌ನ ಪರೀಕ್ಷೆಯಲ್ಲಿ ಅರ್ಧ ಲೋಡ್ ಇರುವಾಗ ಬ್ರಾಂಝ್‌ಗೆ ಶೇ. 85, ಗೋಲ್ಡ್‌ಗೆ ಶೇ. 90, ಪ್ಲಾಟಿನಂಗೆ ಶೇ. 92 ದಕ್ಷತೆ ಬೇಕು. ಕಂಪ್ಯೂಟರ್ 450 ವ್ಯಾಟ್ ಬಳಸುತ್ತಿದ್ದರೆ ಶೇ. 90ರ ಪವರ್ ಸಪ್ಲೈ ಗೋಡೆಯಿಂದ 500 ವ್ಯಾಟ್ ಎಳೆದು 50ನ್ನು ಬಿಸಿಯಾಗಿ ಹೊರಹಾಕುತ್ತದೆ, ಶೇ. 85ರದು ಸುಮಾರು 529 ಎಳೆದು 79ನ್ನು ಬಿಸಿ ಮಾಡುತ್ತದೆ. ದಿನಕ್ಕೆ ಒಂದೆರಡು ಗಂಟೆ ಆಡುವವರಿಗೆ ಈ 29 ವ್ಯಾಟ್‌ಗಳ ಅಂತರ ಬಿಲ್ಲಿನಲ್ಲಿ ಎದ್ದು ಕಾಣುವುದಿಲ್ಲ, ಆದರೆ ಬಿಸಿ ಕಡಿಮೆಯಾದಷ್ಟೂ ಫ್ಯಾನ್ ನಿಧಾನವಾಗಿ ತಿರುಗುತ್ತದೆ ಮತ್ತು ಸದ್ದು ಇಳಿಯುತ್ತದೆ.

ಈ ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ. ಕ್ಯಾಬಿನೆಟ್‌ನ ಒಳಗೆ, ಬಿಸಿಯಾದ ಗ್ರಾಫಿಕ್ಸ್ ಕಾರ್ಡ್‌ನ ಜೊತೆಗೆ, ಅಂಥ ತಂಪು ಇರುವುದಿಲ್ಲ. ವೋಲ್ಟೇಜ್ ಎಷ್ಟು ಸ್ಥಿರ, ರಕ್ಷಣೆಗಳು ನಿಜವಾಗಿ ಕೆಲಸ ಮಾಡುತ್ತವೆಯೇ ಎಂಬುದನ್ನು ಈ ಮುದ್ರೆ ಹೇಳುವುದಿಲ್ಲ. 2021ರಲ್ಲಿ ಹೆಸರಾಂತ ಕಂಪನಿಯೊಂದರ 750 ಮತ್ತು 850 ವ್ಯಾಟ್‌ನ ಎರಡು ಮಾದರಿಗಳು ವಿಮರ್ಶಕರ ಪರೀಕ್ಷೆಗಳಲ್ಲಿ ಸಿಡಿದು ಸುದ್ದಿಯಾದವು. ಎರಡರ ಮೇಲೂ ಗೋಲ್ಡ್ ಮುದ್ರೆಯಿತ್ತು. ಅತಿಭಾರವಾದಾಗ ಆಫ್ ಮಾಡಬೇಕಾದ ರಕ್ಷಣೆಯ ಮಿತಿಯನ್ನು ಶೇ. 120ರಿಂದ 150ರವರೆಗೆ ಇಟ್ಟಿದ್ದ ಕಂಪನಿ, ಆಮೇಲೆ ಅದನ್ನು ಶೇ. 110ರಿಂದ 120ಕ್ಕೆ ಇಳಿಸಿತು. ವಿವರಪಟ್ಟಿಯಲ್ಲಿ ರಕ್ಷಣೆಯ ಹೆಸರು ಇರುವುದು ಒಂದು, ಅದನ್ನು ಎಲ್ಲಿ ಹೊಂದಿಸಿದ್ದಾರೆ ಎಂಬುದು ಇನ್ನೊಂದು.

ನನ್ನ ಸಲಹೆ ಇಷ್ಟು: ಮೊದಲ ಜೋಡಣೆಗೆ ಗೋಲ್ಡ್ ಹಿಡಿಯಿರಿ. ದಕ್ಷತೆಗಾಗಿ ಮಾತ್ರವಲ್ಲ, ಆ ದಕ್ಷತೆಯನ್ನು ಮುಟ್ಟಲು ತಯಾರಕರು ಒಳಗೆ ಸಾಮಾನ್ಯವಾಗಿ ಹೊಸ ವಿನ್ಯಾಸ ಬಳಸಬೇಕಾಗುತ್ತದೆ ಎಂಬುದಕ್ಕಾಗಿ. ಚೆನ್ನಾಗಿ ವಿನ್ಯಾಸಗೊಂಡ ಬ್ರಾಂಝ್ ಸಣ್ಣ ಜೋಡಣೆಗಳಿಗೆ ಸಾಕು. ಪ್ಲಾಟಿನಂ, ಟೈಟಾನಿಯಂಗಳ ಹೆಚ್ಚುವರಿ ಹಣವನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕುವುದು ಮೇಲು. ಮುದ್ರೆಯೇ ಇಲ್ಲದ್ದನ್ನು ಮುಟ್ಟಬೇಡಿ. ಸೈಬೆನೆಟಿಕ್ಸ್ ಎಂಬ ಇನ್ನೊಂದು ಸಂಸ್ಥೆ ದಕ್ಷತೆಯ ಜೊತೆಗೆ ಸದ್ದನ್ನೂ ಅಳೆದು ಶ್ರೇಣಿ ಕೊಡುತ್ತದೆ ಮತ್ತು ಪರೀಕ್ಷಾ ವರದಿಗಳನ್ನು ಎಲ್ಲರಿಗೂ ತೆರೆದಿಡುತ್ತದೆ. ಮುದ್ರೆಯ ಬಣ್ಣಕ್ಕಿಂತ ಆ ವರದಿಗಳು ಉಪಯುಕ್ತ.

ಒಳಗಿನ ಗುಣ

ಪವರ್ ಸಪ್ಲೈಯನ್ನು ಬಿಚ್ಚಿ ನೋಡುವುದು ನಿಮ್ಮ ಕೆಲಸವಲ್ಲ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 400 ವೋಲ್ಟ್‌ನ ಆಸುಪಾಸಿನ ವಿದ್ಯುತ್ ಇರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಆದ್ದರಿಂದ ಉಪಕರಣಗಳನ್ನಿಟ್ಟು ಅಳೆದ ವಿಮರ್ಶಕರ ವರದಿಗಳನ್ನು ಓದಬೇಕು. ಎಟಿಎಕ್ಸ್ 3.0ಕ್ಕೆ ಹಿಂದಿನ ಮಾನದಂಡದ ಪ್ರಕಾರ 12 ವೋಲ್ಟ್‌ನ ಸಾಲು ಶೇ. 5ಕ್ಕಿಂತ ಹೆಚ್ಚು ಇಳಿಯಬಾರದು, ಅಂದರೆ 11.4 ವೋಲ್ಟ್‌ಗಿಂತ ಕೆಳಗೆ ಹೋಗಬಾರದು. ಅದರ ಮೇಲಿನ ಅಲೆಯಾಟ, ಅಂದರೆ ರಿಪಲ್, 120 ಮಿಲಿವೋಲ್ಟ್ ಮೀರಬಾರದು. ಇದು ಪಾಸಾಗುವ ಅಂಕ ಮಾತ್ರ. ಒಳ್ಳೆಯವು ಪೂರ್ತಿ ಲೋಡ್‌ನಲ್ಲೂ ಇದರ ಅರ್ಧಕ್ಕಿಂತ ಬಹಳ ಕೆಳಗೆ ಇರುತ್ತವೆ. ವರದಿಯಲ್ಲಿ ಈ ಅಂಕಿಗಳ ಬದಲು ಪೆಟ್ಟಿಗೆ ತೆರೆದ ವರ್ಣನೆ ಮತ್ತು ಕೇಬಲ್‌ನ ಚಂದದ ಮಾತಷ್ಟೇ ಇದ್ದರೆ ಅದನ್ನು ವಿಮರ್ಶೆ ಎಂದು ಎಣಿಸಬೇಡಿ.

ರಕ್ಷಣೆಗಳ ಪಟ್ಟಿಯಲ್ಲಿ ಅತಿವೋಲ್ಟೇಜ್, ಕಡಿಮೆ ವೋಲ್ಟೇಜ್, ಅತಿಭಾರ, ಶಾರ್ಟ್ ಸರ್ಕ್ಯೂಟ್ ಹಾಗೂ ಅತಿತಾಪದ ರಕ್ಷಣೆಗಳು ಇರಬೇಕು. ಅಗ್ಗದ ಸರಕಿನಲ್ಲಿ ಹೆಚ್ಚಾಗಿ ಕಾಣೆಯಾಗುವುದು ಕೊನೆಯದು. ಕೆಪಾಸಿಟರ್‌ಗಳು 105 ಡಿಗ್ರಿಯವೇ 85 ಡಿಗ್ರಿಯವೇ ಎಂಬುದೂ ಮುಖ್ಯ, ಏಕೆಂದರೆ ತಾಪ 10 ಡಿಗ್ರಿ ಇಳಿದರೆ ಕೆಪಾಸಿಟರ್‌ನ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನಲ್ಲಿ ರೂಢಿಯ ಲೆಕ್ಕ.

ಬ್ರಾಂಡ್ ನೋಡಿ ಕೊಳ್ಳುವುದರಲ್ಲಿ ಒಂದು ತೊಡಕಿದೆ. ಹೊರಗಿನ ಹೆಸರು ಒಬ್ಬರದ್ದು, ಒಳಗೆ ತಯಾರಿಸಿದವರು ಇನ್ನೊಬ್ಬರು. ಒಂದೇ ಬ್ರಾಂಡ್‌ನ ಎರಡು ಸರಣಿಗಳನ್ನು ಬೇರೆ ಬೇರೆ ಕಾರ್ಖಾನೆಗಳು ಮಾಡಿಕೊಡುವುದು ಸಾಮಾನ್ಯ. ಆದುದರಿಂದ ವಿಮರ್ಶೆ ಓದುವಾಗ ಬ್ರಾಂಡ್‌ನ ಹೆಸರಲ್ಲದೆ ಮಾದರಿಯ ಪೂರ್ತಿ ಹೆಸರು, ವ್ಯಾಟ್ ಹಾಗೂ ತಯಾರಾದ ಆವೃತ್ತಿಯ ವರ್ಷವನ್ನು ಹೊಂದಿಸಿ ನೋಡಬೇಕು. ವಾರಂಟಿ ಮಾತ್ರ ಸುಳ್ಳು ಹೇಳುವುದು ಕಡಿಮೆ: ತಯಾರಕ 7 ಅಥವಾ 10 ವರ್ಷ ಕೊಡುತ್ತಿದ್ದರೆ ಅದು ಅಷ್ಟು ಕಾಲ ಬಾಳುವುದೆಂದು ಅವನು ಸ್ವಂತ ಹಣ ಪಣವಿಟ್ಟಂತೆ.

ಅಳತೆ, ಕೇಬಲ್ ಮತ್ತು ಸದ್ದು

ಸಾಮಾನ್ಯ ಎಟಿಎಕ್ಸ್ ಪವರ್ ಸಪ್ಲೈ 150 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರವಿರುತ್ತದೆ. ಉದ್ದ ಮಾತ್ರ 140ರಿಂದ 180ರವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು. ಕ್ಯಾಬಿನೆಟ್‌ನ ವಿವರಪಟ್ಟಿಯಲ್ಲಿ ಪವರ್ ಸಪ್ಲೈಗೆ ಇರುವ ಗರಿಷ್ಠ ಉದ್ದವನ್ನು ನೋಡಿ, ಅದರಲ್ಲಿ ಕೇಬಲ್‌ಗಳು ಬಾಗಲು ಬೇಕಾದ ಜಾಗವನ್ನೂ ಕಳೆಯಬೇಕು. ಪುಟ್ಟ ಕ್ಯಾಬಿನೆಟ್‌ಗಳಿಗೆ 125 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದದ ಎಸ್‌ಎಫ್‌ಎಕ್ಸ್ ಬೇಕಾಗುತ್ತದೆ.

ಕೇಬಲ್‌ಗಳನ್ನು ಬಿಚ್ಚಲು ಬರುವ ಮಾಡ್ಯುಲರ್ ಮಾದರಿ ಜೋಡಣೆಯನ್ನು ಸಲೀಸು ಮಾಡುತ್ತದೆ, ಕೆಲಸದ ಸಾಮರ್ಥ್ಯಕ್ಕೆ ಏನೂ ಸೇರಿಸುವುದಿಲ್ಲ. ಹಣ ಬಿಗಿಯಿದ್ದರೆ 24 ಪಿನ್ ಮತ್ತು ಪ್ರೊಸೆಸರ್‌ನ ಕೇಬಲ್ ಅಂಟಿಕೊಂಡೇ ಇರುವ ಅರೆ ಮಾಡ್ಯುಲರ್ ಸಾಕು. ಆ ಎರಡು ಎಲ್ಲ ಜೋಡಣೆಗೂ ಹೇಗೂ ಬೇಕೇ ಬೇಕು. ಮಾಡ್ಯುಲರ್ ಕೊಂಡವರು ಒಂದು ನಿಯಮವನ್ನು ಮಾತ್ರ ಎಂದೂ ಮುರಿಯಬಾರದು. ಒಂದು ಪವರ್ ಸಪ್ಲೈನ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಬಾರದು, ಬ್ರಾಂಡ್ ಒಂದೇ ಆಗಿದ್ದರೂ ತಯಾರಕರ ಹೊಂದಾಣಿಕೆ ಪಟ್ಟಿ ನೋಡದೆ ಹಾಕಬಾರದು. ಮದರ್‌ಬೋರ್ಡ್ ಕಡೆಯ ತುದಿಗೆ ಮಾನದಂಡವಿದೆ, ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಕೇಬಲ್ ಸರಾಗವಾಗಿ ಕೂರುತ್ತದೆ, 5 ವೋಲ್ಟ್ ಇರಬೇಕಾದ ಕಡೆ 12 ಹರಿಯುತ್ತದೆ, ಎಸ್‌ಎಸ್‌ಡಿ ಸುಟ್ಟುಹೋಗುತ್ತದೆ. ಉಳಿದ ಕೇಬಲ್‌ಗಳನ್ನು ಮಾದರಿಯ ಹೆಸರು ಬರೆದ ಚೀಲದಲ್ಲಿ ತೆಗೆದಿಡಿ.

ಸದ್ದಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 120 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಫ್ಯಾನ್ ಇರಲಿ. ಲೋಡ್ ಕಡಿಮೆಯಿರುವಾಗ ಫ್ಯಾನ್ ಪೂರ್ತಿ ನಿಲ್ಲುವ ಮಾದರಿಗಳಿವೆ. ಹೊಸದರಲ್ಲಿ ಫ್ಯಾನ್ ತಿರುಗುತ್ತಿಲ್ಲವೆಂದು ಗಾಬರಿಯಾಗುವ ಮೊದಲು ಕೈಪಿಡಿ ನೋಡಿ. ಕ್ಯಾಬಿನೆಟ್‌ನ ತಳದಲ್ಲಿ ಜಾಲರಿಯಿದ್ದರೆ ಫ್ಯಾನ್ ಕೆಳಮುಖವಾಗಿರಲಿ, ತಳ ಮುಚ್ಚಿದ್ದರೆ ಅಥವಾ ಕ್ಯಾಬಿನೆಟ್ ದಪ್ಪ ಜಮಖಾನೆಯ ಮೇಲಿದ್ದರೆ ಮೇಲ್ಮುಖವಾಗಿರಲಿ.

ಯುಪಿಎಸ್ ಇದ್ದರೆ

ಕರೆಂಟ್ ಹೋದ ಕ್ಷಣದಿಂದ ಯುಪಿಎಸ್ ಭಾರ ಹೊರುವವರೆಗೆ ಕೆಲವು ಮಿಲಿಸೆಕೆಂಡುಗಳ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಪವರ್ ಸಪ್ಲೈ ತನ್ನ ಕೆಪಾಸಿಟರ್‌ನಲ್ಲಿ ಕೂಡಿಟ್ಟದ್ದರಿಂದಲೇ ಕಂಪ್ಯೂಟರ್ ನಡೆಸಬೇಕು. ಇದಕ್ಕೆ ಹೋಲ್ಡ್ ಅಪ್ ಸಮಯ ಎನ್ನುತ್ತಾರೆ; ಅಳೆದು ಬರೆದ ವರದಿಗಳಲ್ಲಿ ಅದು ಸಿಗುತ್ತದೆ, 16–17 ಮಿಲಿಸೆಕೆಂಡು ಅಥವಾ ಹೆಚ್ಚು ಇದ್ದರೆ ನಿಶ್ಚಿಂತೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ನಯವಾದ ಸೈನ್ ಅಲೆಯ ಬದಲು ಮೆಟ್ಟಿಲಾಕಾರದ ಅಲೆ ಕೊಡುತ್ತವೆ. ಇಂದಿನ ಪವರ್ ಸಪ್ಲೈಗಳಲ್ಲಿರುವ, ಎಳೆಯುವ ಕರೆಂಟನ್ನು ಎಸಿ ಅಲೆಗೆ ಹೊಂದಿಸುವ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್‌ಗೆ ಕೆಲವೊಮ್ಮೆ ಅದು ಒಗ್ಗದೆ, ಕರೆಂಟ್ ಹೋದ ತಕ್ಷಣ ಯುಪಿಎಸ್ ಇದ್ದೂ ಕಂಪ್ಯೂಟರ್ ಆಫ್ ಆಗುತ್ತದೆ. ಹೊಸ ಯುಪಿಎಸ್ ಕೊಳ್ಳುವುದಿದ್ದರೆ ಶುದ್ಧ ಸೈನ್ ಅಲೆಯದ್ದನ್ನು ಕೊಳ್ಳಿ, ಮತ್ತು ವಿಎ (ವೋಲ್ಟ್-ಆಂಪಿಯರ್) ಅಂಕಿಯನ್ನಲ್ಲ, ವ್ಯಾಟ್ ಅಂಕಿಯನ್ನು ನೋಡಿ. 1000 ವಿಎ ಎಂದು ಬರೆದ ಯುಪಿಎಸ್ 600 ವ್ಯಾಟ್ ಮಾತ್ರ ಹೊರುವುದಾಗಿರಬಹುದು.

ಜೋಡಿಸಿದ ಮೇಲೆ

ಸರಕು ಹಿಂತಿರುಗಿಸಲು ಅವಕಾಶವಿರುವ ದಿನಗಳೊಳಗೇ ಪವರ್ ಸಪ್ಲೈಯನ್ನು ದುಡಿಸಿ ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡನ್ನೂ ಒಟ್ಟಿಗೆ ದಣಿಸುವ ಪರೀಕ್ಷಾ ಸಾಫ್ಟ್‌ವೇರ್ ಅರ್ಧ ಗಂಟೆ, ಬಳಿಕ ನಿಮ್ಮಲ್ಲಿರುವ ಅತಿ ಭಾರದ ಆಟ ಒಂದೆರಡು ಗಂಟೆ ನಡೆಸಿ. ಸ್ಥಿರವಾದ ಲೋಡ್ ತಾಳಿಕೊಂಡ ಪವರ್ ಸಪ್ಲೈ ಆಟದ ಜಿಗಿತಗಳಲ್ಲಿ ಸೋಲಬಹುದು, ಆದ್ದರಿಂದ ಎರಡೂ ಬೇಕು. ಸಾಫ್ಟ್‌ವೇರ್ ತೋರಿಸುವ 12 ವೋಲ್ಟ್‌ನ ಅಂಕಿ ಮದರ್‌ಬೋರ್ಡ್‌ನ ಸೆನ್ಸರ್‌ನದು, ಅಷ್ಟು ನಿಖರವಲ್ಲ. ತುಸು ಹೆಚ್ಚುಕಡಿಮೆ ಕಂಡರೆ ಚಿಂತಿಸಬೇಕಿಲ್ಲ. ಮೊದಲ ಗಂಟೆಗಳಲ್ಲಿ ಹೊಸ ಸರಕಿನ ಸಣ್ಣ ವಾಸನೆ ಬರುವುದುಂಟು. ಸುಟ್ಟ ಪ್ಲಾಸ್ಟಿಕ್‌ನ ಅಥವಾ ಮೀನಿನಂಥ ವಾಸನೆ ಬಂದರೆ ಮಾತ್ರ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಬೇಕು.

ಆಟದ ನಡುವೆ ಕಂಪ್ಯೂಟರ್ ದಿಢೀರನೆ ಆಫ್ ಆದರೆ ಪವರ್ ಸಪ್ಲೈಯನ್ನು ದೂರುವ ಮುಂಚೆ, ಗ್ರಾಫಿಕ್ಸ್ ಕಾರ್ಡ್‌ನ ಕನೆಕ್ಟರ್ ಕಿತ್ತು ಮತ್ತೆ ಪೂರ್ತಿ ಒಳಕ್ಕೆ ಕೂರಿಸಿ. ಕವಲು ಕೇಬಲ್ ಬಳಸಿದ್ದರೆ ಎರಡು ಪ್ರತ್ಯೇಕ ಕೇಬಲ್ ಹಾಕಿ. ಯುಪಿಎಸ್ ಮತ್ತು ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್‌ನಿಂದ ನಡೆಸಿ ನೋಡಿ. ಬಳಿಕ ಗ್ರಾಫಿಕ್ಸ್ ಕಾರ್ಡ್‌ನ ಪವರ್ ಮಿತಿಯನ್ನು ಸಾಫ್ಟ್‌ವೇರ್‌ನಲ್ಲಿ ಶೇ. 70–80ಕ್ಕೆ ಇಳಿಸಿ ಅದೇ ಆಟ ಆಡಿ. ಆಗ ತೊಂದರೆ ನಿಂತರೆ ಪವರ್ ಸಪ್ಲೈ ಜಿಗಿತಗಳನ್ನು ತಾಳುತ್ತಿಲ್ಲವೆಂದು ಬಹುಮಟ್ಟಿಗೆ ಹೇಳಬಹುದು, ಮತ್ತು ಈ ಪ್ರಯೋಗದ ವಿವರವನ್ನು ಬರೆದಿಟ್ಟುಕೊಂಡು ಬದಲಿ ಕೇಳಬಹುದು.